ತಾತ್ಪರ್ಯ ತಪ್ಪಿದ ಸಂಖ್ಯೆ

ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ನಾಲ್ಕು ಕಾರಣಗಳು ಕೂಡಿಬರಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಅವು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ, ತಾತ್ಪರ್ಯ. ‘ಹಸುವನ್ನು’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳುವವನ ಮನಸ್ಸು ಕ್ರಿಯಾಪದಕ್ಕಾಗಿ ಕಾಯುತ್ತದೆ, ಅದು ಆಕಾಂಕ್ಷೆ. ‘ಬೆಂಕಿಯಿಂದ ತೋಯಿಸು’ ಎಂದರೆ ಪದಗಳೆಲ್ಲ ಇದ್ದರೂ ಒಂದಕ್ಕೊಂದು ಹೊಂದುವುದಿಲ್ಲ, ಅಲ್ಲಿ ಯೋಗ್ಯತೆಯಿಲ್ಲ. ಬೆಳಗ್ಗೆ ಒಂದು ಪದವನ್ನೂ ಸಂಜೆ ಇನ್ನೊಂದನ್ನೂ ನುಡಿದರೆ ಸನ್ನಿಧಿಯಿಲ್ಲ. ಊಟಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದಾಗ ಉಪ್ಪನ್ನು ಬಿಟ್ಟು ಕುದುರೆಯನ್ನು ತಂದು ನಿಲ್ಲಿಸಿದರೆ ತಾತ್ಪರ್ಯ ತಪ್ಪಿತು. ಈ ವಿಚಾರವು ಗಣಕಯಂತ್ರದ ಲೋಕಕ್ಕೂ ಸಲ್ಲುತ್ತದೆಂಬುದನ್ನು ಹಳೆಯ ವಿದ್ಯಾರ್ಥಿಯೊಬ್ಬನ ಅನುಭವವು ತೋರಿಸಿಕೊಟ್ಟಿದೆ.

ಪ್ರಸಾದನಿಲಯದಲ್ಲಿ ಉಂಡು, ಓದಿ, ಮುಂದೆ ಬೆಂಗಳೂರು ಸೇರಿ ಗಣಕ ಉದ್ಯೋಗ ಹಿಡಿದವನು ಆತ. ಅವನಿಗೆ ಕನ್ನಡ ಕಲಿಸಿದ ಗುರುಗಳು ಊರೂರು ತಿರುಗಿ ಒಕ್ಕಲುತನದ, ಅಡಿಗೆಯ, ನೇಯ್ಗೆಯ ಮಾತುಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಂಡಿದ್ದರು. 2018ರಲ್ಲಿ ಶಿಷ್ಯನು ಆ ಚೀಟಿಗಳನ್ನೆಲ್ಲ ಗಣಕಕ್ಕೆ ಏರಿಸಿದನು. ಇಡೀ ಬರಹವನ್ನು ಒಂದೇ ಸಾಲಾಗಿ ಜೋಡಿಸಿ, ಯಾವ ಪದವು ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬ ಸಂಖ್ಯೆಗಳ ಪಟ್ಟಿಯನ್ನು ಬೇರೆಯಾಗಿ ಇರಿಸಿ, ಪದಸೂಚಿಯನ್ನು ಅಚ್ಚು ಮಾಡಿಕೊಡುವ ಕ್ರಮವಿಧಿಯನ್ನು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಬರೆದನು.

ಹ್ಯಾಸ್ಕೆಲ್ ಎಂಬುದು ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರನ್ನು ಹೊತ್ತ ಭಾಷೆ. 1987ರಲ್ಲಿ ಒರೆಗಾನ್ ಪ್ರಾಂತದ ಪೋರ್ಟ್‌ಲೆಂಡ್ ನಗರದಲ್ಲಿ ಕೂಡಿದ ವಿದ್ವಾಂಸರು ಇಂತಹದೊಂದು ಭಾಷೆ ಬೇಕೆಂದು ನಿಶ್ಚಯಿಸಿದರು. 1990ರಲ್ಲಿ ಅದರ ಮೊದಲ ಲಕ್ಷಣಗ್ರಂಥ ಹೊರಬಂದಿತು. ಒಮ್ಮೆ ಇಟ್ಟ ಬೆಲೆಯನ್ನು ನಡುವೆ ಬದಲಿಸದೆ, ಗಣಿತದ ಫಲನಗಳಂತೆ ಒಂದರಿಂದೊಂದನ್ನು ಸಾಧಿಸುವುದು ಅದರ ಶೀಲ. ಪ್ರತಿಯೊಂದು ಪದಾರ್ಥಕ್ಕೂ ಜಾತಿನಿರ್ಣಯವುಂಟು. ಸಂಖ್ಯೆ ಬೇಕಾದೆಡೆ ಬರಹವನ್ನಿಟ್ಟರೆ ಜಿಎಚ್‌ಸಿ ಎಂಬ ಅದರ ಅನುವಾದಕವು ಕೆಲಸ ಆರಂಭಿಸುವ ಮೊದಲೇ ತಡೆಯುತ್ತದೆ. ಯೋಗ್ಯತೆಯ ಪರೀಕ್ಷೆಯಲ್ಲಿ ಅದು ಕಠಿಣ ಗುರು.

ಆದರೆ ಯಾವ ಕ್ರಮವಿಧಿಯೂ ಒಂಟಿಯಾಗಿ ನಿಲ್ಲುವುದಿಲ್ಲ. ಇತರರು ಬರೆದಿಟ್ಟ ‘ಲೈಬ್ರರಿ’ಗಳನ್ನು ಆಶ್ರಯಿಸಿಯೇ ಅದು ನಡೆಯಬೇಕು. ಹ್ಯಾಸ್ಕೆಲ್ ಲೈಬ್ರರಿಗಳ ಭಂಡಾರಕ್ಕೆ ಹ್ಯಾಕೇಜ್ ಎಂದೂ, ಅವನ್ನು ತಂದು ಜೋಡಿಸಿ ಕಟ್ಟುವ ಸಾಧನಕ್ಕೆ ಕಬಾಲ್ ಎಂದೂ ಹೆಸರು. ಒಂದೊಂದು ಲೈಬ್ರರಿಗೂ, ಹಸ್ತಪ್ರತಿಗಳಿಗೆ ಪಾಠಾಂತರಗಳಿರುವಂತೆ, ಹಲವು ಆವೃತ್ತಿಗಳಿವೆ. ಹಿಂದೆ ಎಲ್ಲ ಲೈಬ್ರರಿಗಳೂ ಒಂದೇ ಕೋಣೆಯಲ್ಲಿ ಕೂಡುತ್ತಿದ್ದುದರಿಂದ, ಹೊಸದನ್ನು ತಂದರೆ ಹಳೆಯದನ್ನು ನಂಬಿದ್ದುದು ಕುಸಿಯುತ್ತಿತ್ತು. ಈ ಸಂಕಟಕ್ಕೆ ಬಳಕೆದಾರರು ‘ಕಬಾಲ್ ನರಕ’ವೆಂದೇ ಹೆಸರಿಟ್ಟಿದ್ದರು. ಪರಸ್ಪರ ಹೊಂದುವ ಆವೃತ್ತಿಗಳನ್ನು ಪರೀಕ್ಷಿಸಿ ಒಂದು ಗುಂಪಾಗಿ ಕೊಡುವ ಸ್ಟ್ಯಾಕೇಜ್ ಬಂದ ಮೇಲೆ ಹಲವರಿಗೆ ಸನ್ನಿಧಿ ದೊರೆಯಿತು. 2019ರ ಕಬಾಲ್ 3.0ರಿಂದ ಪ್ರತಿ ಆವೃತ್ತಿಯೂ ತನ್ನದೇ ಗುರುತಿನೊಡನೆ ಬೇರೆ ಬೇರೆಯಾಗಿ ನಿಲ್ಲುವುದು ಸಹಜಕ್ರಮವಾಯಿತು. ನರಕವು ಬಹುಮಟ್ಟಿಗೆ ತೊಲಗಿತು. ಆದರೆ ಎಚ್ಚರದ ಅಗತ್ಯ ತೊಲಗಲಿಲ್ಲ.

2024ರಲ್ಲಿ ಗುರುಗಳ ಕಣ್ಣು ಮಂಜಾಗತೊಡಗಿತು. ‘ಅಕ್ಷರ ಕಾಣುತ್ತಿರುವಾಗಲೇ ಒಮ್ಮೆ ತಿದ್ದಿಬಿಡುತ್ತೇನೆ, ದೊಡ್ಡ ಅಚ್ಚಿನಲ್ಲಿ ಒಂದು ಪ್ರತಿ ಕಳುಹಿಸು ತಮ್ಮಾ’ ಎಂದು ಅವರು ಹೇಳಿಕಳುಹಿಸಿದರು. ಶಿಷ್ಯನ ಹಳೆಯ ಯಂತ್ರ ಕೆಟ್ಟಿತ್ತು. ಹೊಸ ಯಂತ್ರದಲ್ಲಿ ಜಿಎಚ್‌ಸಿ 9.6 ಇತ್ತು. ಕಟ್ಟಲು ಹೋದಾಗ, ಆಶ್ರಯಗಳನ್ನು ಹೊಂದಿಸಲಾಗಲಿಲ್ಲವೆಂದು ಕಬಾಲ್ ಉದ್ದನೆಯ ದೂರನ್ನು ಮುಂದಿಟ್ಟಿತು. ಕಾರಣ ಗಹನವಾದುದಲ್ಲ. ಬೇಸ್ ಎಂಬ ಮೂಲ ಲೈಬ್ರರಿಯು ಅನುವಾದಕದೊಡನೆಯೇ ಬರತಕ್ಕದ್ದು; 8.4ಕ್ಕೆ ಬೇಸ್ 4.11, 9.6ಕ್ಕೆ ಬೇಸ್ 4.18. ‘ಬೇಸ್ 4.12ಕ್ಕಿಂತ ಕೆಳಗಿರಬೇಕು, ಟೆಕ್ಸ್ಟ್ 1.3ಕ್ಕಿಂತ ಕೆಳಗಿರಬೇಕು’ ಎಂದು 2018ರಲ್ಲಿ ಅವನೇ ಬರೆದಿದ್ದನು.

ಅವಸರವು ವಿವೇಕದ ಶತ್ರು. ಮೇಲಿನ ಮಿತಿಗಳನ್ನು ಲೆಕ್ಕಿಸಬೇಡವೆಂದು ಕಬಾಲ್‌ಗೆ ಆಜ್ಞಾಪಿಸುವ ಉಪಾಯವೊಂದಿದೆ. ಶಿಷ್ಯನು ಅದನ್ನೇ ಹಿಡಿದನು. ಕಬಾಲ್ ಒಪ್ಪಿ, ಬರಹಗಳನ್ನು ನಿರ್ವಹಿಸುವ ಟೆಕ್ಸ್ಟ್ ಲೈಬ್ರರಿಯ 2.0 ಆವೃತ್ತಿಯನ್ನು ತೆಗೆದುಕೊಂಡಿತು. ಆಗ ಅನುವಾದಕವು, ಹೆಸರಿನಲ್ಲಿ 16 ಎಂಬ ಅಂಕೆಯುಳ್ಳ ಎರಡು ಫಲನಗಳು ಈ ಆವೃತ್ತಿಯಲ್ಲಿ ಇಲ್ಲವೆಂದಿತು. ಅದೇ ಜಾಗದಲ್ಲಿ 8 ಎಂಬ ಅಂಕೆಯುಳ್ಳ ಫಲನಗಳು ಕಂಡವು. ಅಂಕೆ ಬದಲಿಸಿದನು, ಆಕಾಂಕ್ಷೆ ಪೂರೈಸಿತು, ಯೋಗ್ಯತೆಗೆ ತೊಡಕಿರಲಿಲ್ಲ, ಸನ್ನಿಧಿ ಇತ್ತು. ಕಟ್ಟಡ ಎದ್ದು ನಿಂತಿತು. ಒಂದು ದೋಷವಾಕ್ಯವೂ ಬರಲಿಲ್ಲ. ಪದಸೂಚಿ ಅಚ್ಚಾಗಿ ಅಂಚೆಯಲ್ಲಿ ಹೋಯಿತು.

ಮೂರನೆಯ ದಿನ ಗುರುಗಳ ದೂರವಾಣಿ. ‘ತಮ್ಮಾ, ಮೊದಲ ಪದ ಅಂಬಲಿ. ಇಲ್ಲಿ ‘ಅಂ’ ಮಾತ್ರ ಇದೆ. ‘ಬಲಿ’ ಯಾರಿಗೆ ಹೋಯಿತು?’

ಶಿಷ್ಯನು ಮೊದಲು ನಕ್ಕನು. ಮೂಲಪ್ರತಿಯನ್ನು ತೆರೆದಾಗ ನಗು ನಿಂತಿತು. ಎರಡನೆಯ ಪದವು ಮೊದಲನೆಯದರ ವಿವರಣೆಯ ನಡುವಿನಿಂದ ಹೊರಟಿತ್ತು, ಮುಂದಿನವೆಲ್ಲ ಹಾಗೆಯೇ. ಆ ಮಂದಗಣ್ಣುಗಳು ಎರಡು ದಿನ ಈ ತಪ್ಪಿನ ಮೇಲೆ ಸವೆದಿದ್ದವೆಂಬುದು ಅವನನ್ನು ಚುಚ್ಚಿತು.

ನಡೆದುದಿಷ್ಟು. ಟೆಕ್ಸ್ಟ್ ಲೈಬ್ರರಿಯು 2021ರ ಕೊನೆಯಲ್ಲಿ ಹೊರಟ 2.0 ಆವೃತ್ತಿಯಲ್ಲಿ ಅಕ್ಷರಗಳನ್ನು ಒಳಗೆ ಇಟ್ಟುಕೊಳ್ಳುವ ರೀತಿಯನ್ನೇ ಬದಲಿಸಿತ್ತು. ಯುಟಿಎಫ್-16 ಹೋಗಿ ಯುಟಿಎಫ್-8 ಬಂದಿತ್ತು. ‘ಅಂಬಲಿ’ ಎಂಬುದರಲ್ಲಿ ಯೂನಿಕೋಡ್ ಎಣಿಸುವ ಸಂಕೇತಗಳು 5: ಅಕಾರ, ಅನುಸ್ವಾರ, ಬಕಾರ, ಲಕಾರ, ಇಕಾರದ ಗುಣಿತಚಿಹ್ನೆ. ಹಳೆಯ ಕ್ರಮದಲ್ಲಿ ಕನ್ನಡದ ಸಂಕೇತಕ್ಕೆ ಒಂದೊಂದರಂತೆ 5 ಮನೆಗಳು. ಹೊಸ ಕ್ರಮದಲ್ಲಿ ಮೂರು ಮೂರರಂತೆ 15. ಪಟ್ಟಿಯಲ್ಲಿದ್ದ 5 ಎಂಬ ಸಂಖ್ಯೆ 5 ಆಗಿಯೇ ಉಳಿದಿತ್ತು. ಅದು ಎಣಿಸುತ್ತಿದ್ದ ವಸ್ತು ಬೇರೆಯಾಗಿತ್ತು. ಐದನೆಯ ಮನೆ ಅನುಸ್ವಾರದ ನಡುವೆ ಬಿದ್ದುದರಿಂದ, ಲೈಬ್ರರಿಯು ಆ ಸಂಕೇತವನ್ನು ಮುರಿಯದೆ ಪೂರ್ತಿಗೊಳಿಸಿ ‘ಅಂ’ ಎಂದು ಒಪ್ಪಿಸಿತು. ಉಪ್ಪು ಬೇಡಿದವನ ಮುಂದೆ ಕುದುರೆ ಬಂದು ನಿಂತಿತು. ಯಂತ್ರವು ಜಾತಿಯನ್ನು ಪರೀಕ್ಷಿಸಬಲ್ಲುದು. ಎರಡೂ ಕಡೆ ಬರಿಯ ಸಂಖ್ಯೆಯೆಂದೇ ಬರೆದಿದ್ದಾಗ ತಾತ್ಪರ್ಯವನ್ನು ಅದು ಅರಿಯುವುದೆಂತು? ‘1.3ಕ್ಕಿಂತ ಕೆಳಗೆ’ ಎಂಬ ಮಿತಿಯು ಕಾಟವಾಗಿರಲಿಲ್ಲ, ಅದು ಮುನ್ನೆಚ್ಚರಿಕೆಯಾಗಿತ್ತು.

ಈ ಸಲ ಶಿಷ್ಯನು ಕ್ರಮ ಹಿಡಿದು ನಡೆದನು. ಮೊದಲು ಹೊಸದನ್ನೆಲ್ಲ ಬದಿಗಿಟ್ಟು, ಜಿಎಚ್‌ಸಿ 8.4.4ನ್ನು ಬೇರೆಯಾಗಿ ಇಳಿಸಿಕೊಂಡು, ಹ್ಯಾಕೇಜ್ ಭಂಡಾರವನ್ನು 2018ರ ಒಂದು ದಿನಾಂಕದಲ್ಲಿ ಇದ್ದಂತೆ ನೋಡೆಂದು ಕಬಾಲ್‌ಗೆ ನಿರ್ದೇಶಿಸಿದನು. ಹಳೆಯ ಕ್ರಮವಿಧಿ ಹಳೆಯ ಸಂಗಾತಿಗಳೊಡನೆ ಎದ್ದಿತು. ಅಂಬಲಿ ಅಂಬಲಿಯಾಗಿಯೇ ಬಂದಿತು. ಆ ಪ್ರತಿಯನ್ನು ಗುರುಗಳಿಗೆ ತಾನೇ ಒಯ್ದು ಕೊಟ್ಟನು. ಬಳಿಕ, ಲೈಬ್ರರಿಯ ಒಳಮನೆಗಳನ್ನು ಎಣಿಸುವುದನ್ನು ಬಿಟ್ಟು, ಯೂನಿಕೋಡ್ ಸಂಕೇತಗಳನ್ನೇ ಎಣಿಸುವ ಸಾಮಾನ್ಯ ಫಲನಗಳನ್ನು ಬಳಸಿದನು. ಹಳೆಯ ಕ್ರಮದಲ್ಲಿ ಕನ್ನಡಕ್ಕೆ ಎರಡು ಎಣಿಕೆಯೂ ಒಂದೇ ಆಗಿದ್ದುದರಿಂದ ಪಟ್ಟಿಯನ್ನು ತಿದ್ದಬೇಕಾಗಲಿಲ್ಲ. ಅನಂತರ ಆವೃತ್ತಿಗಳನ್ನು ಒಂದೊಂದಾಗಿ ಏರಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ಹೊಸ ಸೂಚಿಯನ್ನು ಹಳೆಯದರೊಡನೆ ಸಾಲುಸಾಲಾಗಿ ಹೋಲಿಸಿದನು. ಕೊನೆಗೆ, ಯಾವ ಲೈಬ್ರರಿಯ ಯಾವ ಆವೃತ್ತಿಯಿಂದ ಕಟ್ಟಿದ್ದೆಂಬುದನ್ನು ಅಚ್ಚಳಿಯದಂತೆ ನಮೂದಿಸುವ ಕಡತವನ್ನು ಕಬಾಲ್‌ನಿಂದಲೇ ಬರೆಯಿಸಿ, ಮೂಲದ ಜೊತೆಯಲ್ಲಿರಿಸಿದನು. ಪ್ರತಿಕಾರನು ಪುಷ್ಪಿಕೆಯಲ್ಲಿ ತನ್ನ ಮಾತೃಕೆಯನ್ನೂ ಕಾಲವನ್ನೂ ಹೇಳಿ ಮುಗಿಸುವಂತೆ, ಇದೂ ಒಂದು ಪುಷ್ಪಿಕೆಯೇ.

ಗುರುಗಳು ತಿದ್ದುವ ಕೆಲಸವನ್ನು ಕೈಗೆತ್ತಿಕೊಂಡಿದ್ದಾರೆ. ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ದಿನಕ್ಕೊಂದು ಪುಟ. ಎಂದೋ ತಪ್ಪಿ ಬಂದ ಆ ಮೊದಲ ಪ್ರತಿಯನ್ನು ಅವರು ಎಸೆದಿಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ ಹೀಗೆ ಬರೆದಿಟ್ಟಿದ್ದಾರೆ: ‘ದೋಷ ಕಾಣಲಿಲ್ಲವೆಂದರೆ ದೋಷವಿಲ್ಲವೆಂದಲ್ಲ. ಓದಿ ನೋಡಬೇಕು.’