ಪಟ್ಟಿ ಏಕೆ ಬರಲಿಲ್ಲ?

ಬ್ಯಾಡಗಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮೆಣಸಿನಕಾಯಿ. ಅದರ ಬಣ್ಣವನ್ನೂ ಕಡಿಮೆ ಘಾಟನ್ನೂ, 2011ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಹೊಗಳಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಆ ಕಾಯಿಯನ್ನು ಕುರಿತಲ್ಲ; ಅದನ್ನು ಮಾರಿದವನ ಕೈಗೆ ಸಂಜೆ ಬಂದು ಸೇರಬೇಕಾದ ಒಂದು ಗೇಣು ಕಾಗದವನ್ನು ಕುರಿತು. ಪೇಟೆಯಲ್ಲಿ ಅದಕ್ಕೆ ಪಟ್ಟಿ ಎನ್ನುತ್ತಾರೆ. ಚೀಲವೆಷ್ಟು, ತೂಕವೆಷ್ಟು, ಧಾರಣೆಯೆಷ್ಟು, ಕಡಿತವೆಷ್ಟು, ಕೈಗೆ ಬರುವುದೆಷ್ಟು, ಇಷ್ಟೇ ಅದರಲ್ಲಿರುವುದು. ಕಾವ್ಯಪ್ರಿಯರಾದ ನನ್ನ ಗೆಳೆಯರಿಗೆ ಇದು ರಸಹೀನವಾದ ಬರವಣಿಗೆಯೆಂದು ತೋರಬಹುದು. ಆದರೆ ಸಸಿ ನೆಟ್ಟಂದಿನಿಂದ ಕಾಯಿ ಒಣಗಿಸಿ ಚೀಲ ಹೊಲಿದಂದಿನವರೆಗೆ ಒಂದು ಮನೆತನವು ಪಟ್ಟ ಪಾಡೆಲ್ಲ ಆ ಐದು ಸಾಲುಗಳಲ್ಲಿ ಬಂದು ನಿಂತಿರುತ್ತದೆಂಬುದನ್ನು ಅವರು ಮರೆಯಬಾರದು.

ನಾನು ಹಾವೇರಿಯಲ್ಲಿ ಬಿ.ಎ. ಓದುತ್ತಿರುವವನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ ಮತ್ತು ಗುರುವಾರ ಕೂಡುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಆ ಎರಡು ದಿನ ತರಗತಿ ಮುಗಿದೊಡನೆ ನಾನು ಬ್ಯಾಡಗಿಗೆ ಹೋಗಿ ಒಂದು ದಲಾಲಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತೇನೆ. ಫೀಜು ಪುಸ್ತಕಗಳ ಖರ್ಚು ಅದರಿಂದ ನೀಗುತ್ತದೆ. ಆ ಅಂಗಡಿಯ ಸಾಹುಕಾರರಿಗೆ ರಾಣೇಬೆನ್ನೂರಿನಲ್ಲಿ ಬೀಜದ ವ್ಯಾಪಾರವೂ ಉಂಟು. ಎರಡೂ ಊರಿನ ಲೆಕ್ಕ ಒಂದೆಡೆ ಇರಲೆಂದು ಅವರು ಸರ್ವರ್ ಎನ್ನುವ ದೊಡ್ಡ ಯಂತ್ರವನ್ನು ರಾಣೇಬೆನ್ನೂರಿನಲ್ಲಿ ಇಟ್ಟಿದ್ದಾರೆ. ಬ್ಯಾಡಗಿಯಲ್ಲಿ ಕುಳಿತ ನಾವು ‘ರಿಮೋಟ್ ಡೆಸ್ಕ್‌ಟಾಪ್’ ಎಂಬ ಸೌಕರ್ಯದ ಮೂಲಕ ಅದರೊಳಗೆ ಪ್ರವೇಶಿಸಿ ಲೆಕ್ಕ ಬರೆಯುತ್ತೇವೆ.

ಈ ಸೌಕರ್ಯದಲ್ಲಿ ಒಂದು ಸೋಜಿಗವಿದೆ. ನಮ್ಮ ಕಣ್ಣ ಮುಂದಿನ ಪರದೆಯಲ್ಲಿ ಕಾಣುವುದು ರಾಣೇಬೆನ್ನೂರಿನ ಯಂತ್ರದ ಚಿತ್ರ ಮಾತ್ರ. ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗುತ್ತದೆ; ಕೂಡುವುದು, ಕಳೆಯುವುದು ಅಲ್ಲಿಯೇ ನಡೆಯುತ್ತದೆ; ಅದರ ಚಿತ್ರ ಇಲ್ಲಿಗೆ ಮರಳುತ್ತದೆ. ಹೀಗಿರಲು ‘ಪ್ರಿಂಟ್’ ಎಂದು ಹೇಳಿದಾಗ ಆ ಮಾತನ್ನು ಕೇಳಿಸಿಕೊಳ್ಳುವುದೂ ರಾಣೇಬೆನ್ನೂರಿನ ಯಂತ್ರವೇ. ನಮ್ಮ ಮಗ್ಗುಲಲ್ಲಿಯೇ ಇರುವ ಪ್ರಿಂಟರ್ ಅದಕ್ಕೆ ಗೊತ್ತಿಲ್ಲ. ಆದಕಾರಣ ಒಳಗೆ ಹೋಗುವಾಗಲೇ ಬ್ಯಾಡಗಿಯ ಯಂತ್ರವು ‘ನನ್ನ ಬಳಿ ಇಂಥ ಪ್ರಿಂಟರ್ ಇದೆ’ ಎಂದು ತಿಳಿಸಬೇಕು. ಆಗ ಸರ್ವರು ಆ ಹೆಸರಿನ ಮುಂದೆ ‘ರಿಡೈರೆಕ್ಟೆಡ್’ ಎಂದು ಸೇರಿಸಿ ಒಂದು ಪ್ರತಿರೂಪವನ್ನು ಮಾಡಿಕೊಳ್ಳುತ್ತದೆ. ನಾವು ಹೊರಗೆ ಬಂದೊಡನೆ ಆ ಪ್ರತಿರೂಪವೂ ಅಳಿಯುತ್ತದೆ. ವಿಂಡೋಸ್ 2000ದ ಕಾಲದಿಂದ ಬಂದ ಏರ್ಪಾಡು ಇದು. ಮೊದಮೊದಲು ಎರಡೂ ಕಡೆ ಅದೇ ಪ್ರಿಂಟರಿನ ಡ್ರೈವರ್ ಇರಬೇಕಾಗುತ್ತಿತ್ತು. ವಿಂಡೋಸ್ ಸರ್ವರ್ 2008ರಲ್ಲಿ ‘ಈಜಿ ಪ್ರಿಂಟ್’ ಬಂದ ಮೇಲೆ ಸರ್ವರಿಗೆ ಆ ತೊಂದರೆ ತಪ್ಪಿತು. ಅದು ಪುಟವನ್ನು ಸಿದ್ಧಪಡಿಸಿ ಕಳಿಸುತ್ತದೆ, ಇಲ್ಲಿಯ ಡ್ರೈವರ್ ಅದನ್ನು ಮುದ್ರಿಸುತ್ತದೆ.

ಕಳೆದ ಸುಗ್ಗಿಯಲ್ಲಿ ಒಂದು ಗುರುವಾರ ಸಂಜೆ ಪಟ್ಟಿ ಬರಲಿಲ್ಲ. ಟೆಂಡರಿನ ಧಾರಣೆ ತಿಳಿದು, ತೂಕವೂ ಮುಗಿದು, ರೈತರು ಕಟ್ಟೆಯ ಮೇಲೆ ಕುಳಿತಿದ್ದರು. ಸರ್ವರನ್ನು ನೋಡಿಕೊಳ್ಳುವವರಿಗೆ ಫೋನು ಮಾಡಿದರೆ, ಡ್ರೈವರ್ ತೆಗೆದು ಮತ್ತೆ ಹಾಕಿರೆಂದರು. ಹಾಕಿದ್ದಾಯಿತು, ಫಲವಿಲ್ಲ. ಕಡೆಗೆ ನಮ್ಮ ದಿವಾನಜಿಯವರು ಪರದೆಯನ್ನು ನೋಡಿಕೊಂಡು ಕೈಯಿಂದಲೇ ಪಟ್ಟಿ ಬರೆಯತೊಡಗಿದರು. ವಯಸ್ಸಾದವರು, ಬೆರಳು ನಡುಗುತ್ತದೆ. ಹೊರಗೆ ಲಾರಿಯವರು ಹಾರ್ನು ಬಾರಿಸುತ್ತಿದ್ದರು. ಸಿರುಗುಪ್ಪದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ‘ರೊಕ್ಕ ಬ್ಯಾಂಕಿಗೆ ಬರ್ತೈತ್ರಿ, ಪಟ್ಟಿ ನಾಳೆ ಕಳಸ್ತೀವಿ’ ಎಂದು ನಮ್ಮವರಾರೋ ಹೇಳಿದರು. ಅವರು ನನ್ನತ್ತ ತಿರುಗಿ ಹೇಳಿದ ಮಾತು ಇದು:

“ತಮ್ಮಾ, ರೊಕ್ಕಾ ನಿಮ್ಮ ಸಾವ್ಕಾರ್ರು ಕೊಡ್ತಾರ, ಅದರಾಗ ಸಂಶೆ ಇಲ್ಲ. ಆದ್ರ ಇದು ಮೂರು ಮಂದಿ ಅಣ್ಣತಮ್ಮರ ಮಾಲು. ಚೀಟಿ ಇಲ್ದ ಊರಿಗೆ ಹೋಗಿ ಧಾರಣಿ ಇಷ್ಟ ಆತು ಅಂತ ಹೇಳಿದ್ರ, ಅವರು ನನ್ನ ನಂಬೂದು ಹೆಂಗ?”

ದಿವಾನಜಿಯವರು ಅವರ ಪಟ್ಟಿಯನ್ನೇ ಮೊದಲು ಬರೆದುಕೊಟ್ಟರು. ಹಿರಿಯರು ಅದನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿಟ್ಟುಕೊಂಡು ಹೊರಟರು.

ಮುಂದಿನ ಸೋಮವಾರ, ಯಾರೂ ಏನೂ ಮಾಡದಿದ್ದರೂ, ಪಟ್ಟಿಗಳು ಸರಸರನೆ ಬಂದವು. ‘ತಾನೇ ಸರಿಯಾತು’ ಎಂದು ಎಲ್ಲರೂ ಸಂತೋಷಪಟ್ಟರು. ತಾನಾಗಿ ಬಿಟ್ಟ ಜ್ವರ ತಾನಾಗಿಯೇ ಮರಳುವುದುಂಟು. ಗುರುವಾರ ಸಂಜೆ ಮತ್ತೆ ಅದೇ ಅವಸ್ಥೆ. ಆಗ ನಾನು ಕಾಗದದ ತುದಿಯಿಂದ ಹಿಂದಕ್ಕೆ ಹೋಗುತ್ತ ಒಂದೊಂದನ್ನೇ ನೋಡಬೇಕೆಂದು ನಿಶ್ಚಯಿಸಿದೆ. ಶಾಸನ ಓದುವವರು ಮೊದಲು ಕಲ್ಲನ್ನು ತೊಳೆಯುತ್ತಾರಲ್ಲವೆ? ಹಾಗೆ.

ಮೊದಲನೆಯ ಪ್ರಶ್ನೆ: ಬ್ಯಾಡಗಿಯ ಯಂತ್ರದಿಂದ ಬ್ಯಾಡಗಿಯ ಪ್ರಿಂಟರಿಗೆ ದಾರಿ ಸರಿಯಾಗಿದೆಯೆ? ರಿಮೋಟ್ ಡೆಸ್ಕ್‌ಟಾಪಿನಿಂದ ಹೊರಗೆ ಬಂದು ಪರೀಕ್ಷೆಯ ಪುಟವೊಂದನ್ನು ಕಳಿಸಿದೆ. ನಮ್ಮ ಡಾಟ್ ಮ್ಯಾಟ್ರಿಕ್ಸ್ ಯಂತ್ರ ಕರಕರನೆ ಮುದ್ರಿಸಿತು. ಎಂದಮೇಲೆ ಪ್ರಿಂಟರು, ತಂತಿ, ರಿಬ್ಬನ್ ಯಾವುದರಲ್ಲೂ ದೋಷವಿಲ್ಲ.

ಎರಡನೆಯದು: ಸರ್ವರಿಗೆ ಪ್ರಿಂಟರನ್ನು ತಿಳಿಸಲು ಅನುಮತಿ ಕೊಟ್ಟಿದ್ದೇವೆಯೆ? ರಿಮೋಟ್ ಡೆಸ್ಕ್‌ಟಾಪಿನ ಕಿಟಕಿಯಲ್ಲಿ ‘ಲೋಕಲ್ ರಿಸೋರ್ಸಸ್’ ಎಂಬ ಭಾಗದಲ್ಲಿ ‘ಪ್ರಿಂಟರ್ಸ್’ ಎಂಬುದರ ಮುಂದೆ ಗುರುತು ಹಾಕಿರಬೇಕು. ಬಹಳ ಕಡೆ ತೊಂದರೆ ಇಲ್ಲಿಯೇ ಇರುತ್ತದೆ. ಹೊಸ ಗುರುತು ಹಾಕಿದರೆ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕೆಂಬುದನ್ನೂ ಹಲವರು ಮರೆಯುತ್ತಾರೆ. ನಮ್ಮಲ್ಲಿ ಗುರುತು ಇದ್ದೇ ಇತ್ತು.

ಮೂರನೆಯದು: ಸರ್ವರಿನೊಳಗೆ ಯಾವ ಯಾವ ಪ್ರಿಂಟರುಗಳ ಹೆಸರು ಕಾಣುತ್ತವೆ? ಒಂದೂ ಕಾಣದಿದ್ದರೆ ಅಲ್ಲಿ ‘ಪ್ರಿಂಟ್ ಸ್ಪೂಲರ್’ ಎಂಬ ಸೇವೆ ನಿಂತಿರಬಹುದು. 2021ರ ಜುಲೈಯಲ್ಲಿ ‘ಪ್ರಿಂಟ್ ನೈಟ್‌ಮೇರ್’ ಎಂಬ ಭದ್ರತೆಯ ದೋಷ ಬಯಲಾದಾಗ, ಪ್ರಪಂಚದಲ್ಲೆಲ್ಲ ಎಷ್ಟೋ ಕಡೆ ಈ ಸೇವೆಯನ್ನೇ ನಿಲ್ಲಿಸಿದ್ದರು. ಅಥವಾ ಹೊರಗಿನ ಪ್ರಿಂಟರೇ ಬೇಡವೆಂದು ಸರ್ವರಿನಲ್ಲಿ ಕಟ್ಟಳೆ ಮಾಡಿರಬಹುದು. ನಮ್ಮಲ್ಲಿ ಹಾಗಿರಲಿಲ್ಲ. ಒಂದು ಹೆಸರು ಕಾಣುತ್ತಿತ್ತು. ಆದರೆ ಅದು ಕಾಗದವೇ ಇಲ್ಲದ ಪ್ರಿಂಟರಿನ ಹೆಸರು, ಬರಹವನ್ನು ಪಿಡಿಎಫ್ ಕಡತವಾಗಿ ಮಾಡುವಂಥದು.

ದಿವಾನಜಿಯವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಏನಪಾ, ನಮಗ ಇಲ್ಲಿಂದ ರಾಣೇಬೆನ್ನೂರು ಕಾಣಸ್ತೈತಿ. ರಾಣೇಬೆನ್ನೂರಿಗೆ ನಮ್ಮ ಪ್ರಿಂಟರ್ ಯಾಕ ಕಾಣವಲ್ದು?”

ಅವರ ಪ್ರಶ್ನೆಯಲ್ಲಿಯೇ ಉತ್ತರದ ಸುಳಿವು ಇತ್ತು. ಬ್ಯಾಡಗಿಯಲ್ಲಿ ಇರುವ ಹೆಸರುಗಳು ಎರಡು. ಅಲ್ಲಿಗೆ ತಲುಪಿದ್ದು ಒಂದು. ಒಂದು ತಲುಪಿದ ಮೇಲೆ ದಾರಿ ತೆರೆದಿದೆ ಎಂದಾಯಿತು, ಸೇವೆಗಳೂ ನಡೆದಿವೆ. ಹಾಗಾದರೆ ಆ ಒಂದನ್ನು ಆರಿಸಿದವರು ಯಾರು? ‘ಬಂದವನ ಮುಖ್ಯ ಪ್ರಿಂಟರನ್ನು ಮಾತ್ರ ಬಿಟ್ಟುಕೊಳ್ಳು, ಉಳಿದವು ಬೇಡ’ ಎಂದು ಸರ್ವರಿನಲ್ಲಿ ಕಟ್ಟಳೆ ಇಡಲು ಬರುತ್ತದೆ. ಹೆಸರುಗಳ ಗದ್ದಲ ಬೇಡವೆಂದು ನಮ್ಮಲ್ಲಿಯೂ ಹಾಗೆ ಇಟ್ಟಿದ್ದರೆಂದು ಆಮೇಲೆ ರಾಣೇಬೆನ್ನೂರಿನವರೇ ಫೋನಿನಲ್ಲಿ ಹೇಳಿದರು. ಇನ್ನು ಬ್ಯಾಡಗಿಯ ಯಂತ್ರದಲ್ಲಿ ಮುಖ್ಯ ಪ್ರಿಂಟರ್ ಯಾವುದು? ವಿಂಡೋಸ್ 10 ಬಂದ ತರುವಾಯ, ಕೊನೆಯ ಸಲ ಬಳಸಿದ್ದನ್ನೇ ಮುಖ್ಯವೆಂದು ಯಂತ್ರ ತಾನೇ ಬದಲಾಯಿಸಿಕೊಳ್ಳುವ ಒಂದು ಪದ್ಧತಿ ಇದೆ. ಗುರುವಾರ ಮಧ್ಯಾಹ್ನ ನಮ್ಮ ಗುಮಾಸ್ತರು ಚೀಲಗಳ ಯಾದಿಯನ್ನು ಖರೀದಿದಾರರ ಮೊಬೈಲಿಗೆ ಕಳಿಸಲು ಪಿಡಿಎಫ್ ಮಾಡುತ್ತಾರೆ. ಅಂದು ಸಂಜೆ ಮುಖ್ಯವಾಗುವುದು ಕಾಗದವಿಲ್ಲದ ಪ್ರಿಂಟರು. ಸೋಮವಾರ ಅವರು ಅದೇ ಯಾದಿಯನ್ನು ಕಾಗದದ ಮೇಲೆ ತೆಗೆದಿದ್ದರು; ಅಂದು ಎಲ್ಲವೂ ಸುಸೂತ್ರ. ಗುಮಾಸ್ತರದೂ ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಎರಡು ಊರಿನ ಎರಡು ನಿಯಮಗಳು, ತಮ್ಮ ತಮ್ಮಲ್ಲಿ ನ್ಯಾಯವಾದವೇ, ಸೇರಿ ನಡುವೆ ರೈತನನ್ನು ಕಾಯಿಸಿದವು.

ಬ್ಯಾಡಗಿಯ ಯಂತ್ರದಲ್ಲಿ ಆ ತಾನಾಗಿ ಬದಲಾಗುವ ಪದ್ಧತಿಯನ್ನು ತೆಗೆದು, ಡಾಟ್ ಮ್ಯಾಟ್ರಿಕ್ಸನ್ನೇ ಮುಖ್ಯವೆಂದು ಗೊತ್ತುಮಾಡಿ, ಹೊರಗೆ ಬಂದು ಮತ್ತೆ ಒಳಗೆ ಹೋದೆವು. ಪಟ್ಟಿ ಬಂತು. ಅಂದಿನಿಂದ ತಪ್ಪಿಲ್ಲ.

ಒಂದು ಮಾತು ಉಳಿಯಿತು. ಈ ದಾರಿಯಿಂದ ಬರುವ ಪಟ್ಟಿ ತುಸು ನಿಧಾನ. ಪುಟವೆಲ್ಲ ಚಿತ್ರವಾಗಿ ಬರುವುದರಿಂದ ಸೂಜಿಗಳು ಚುಕ್ಕೆ ಚುಕ್ಕೆಯಾಗಿ ಅದನ್ನು ಮೂಡಿಸಬೇಕು. ಯಂತ್ರದಲ್ಲಿಯೇ ಅಡಗಿರುವ ಇಂಗ್ಲಿಷ್ ಅಕ್ಷರಗಳನ್ನು ಬಳಸಿದರೆ ಬೇಗ ಮುಗಿಯುತ್ತದೆಂದು ಸೂಚನೆ ಬಂದಿತ್ತು. ಆದರೆ ಆಗ ಕನ್ನಡ ಹೋಗುತ್ತದೆ. ಸಾಹುಕಾರರು ಕೇಳಿ, “ತಡಾ ಆದ್ರ ಆಗ್ಲಿ, ಓದಾಕ ಬರೂವಂಗ ಇರ್ಲಿ” ಎಂದರು. ಅವರ ಮಾತು ನನಗೆ ಹಿಡಿಸಿತು.

ನಮ್ಮ ಜಿಲ್ಲೆಯವರೇ ಆದ ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರ ಕೈಗೆ ಮುಟ್ಟಿಸಿದರೆಂದು ನಾವೆಲ್ಲ ಕೇಳಿದ್ದೇವೆ. ಅಚ್ಚಾದರೆ ಸಾಲದು, ಬೇಕಾದವನ ಕೈಗೆ ಅದು ಸೇರಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಗೆಳೆಯರೆ, ನಮ್ಮಲ್ಲಿ ಹಲವರು ನಾಳೆ ಸೊಸೈಟಿಯಲ್ಲಿಯೋ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ಇಂಥ ಪರದೆಯ ಮುಂದೆ ಕೂಡುವವರೇ. ‘ಕಲಾ ವಿಭಾಗದವರಿಗೆ ಯಂತ್ರದ ಗೊಡವೆ ಏಕೆ’ ಎಂದು ಕೈಕಟ್ಟಿ ಕೂಡಬೇಡಿ. ಕಾಗದ ಬರದಿದ್ದಾಗ ‘ಸರ್ವರ್ ಡೌನ್’ ಎಂದು ಹೇಳಿ ಕಳಿಸುವುದು ಸುಲಭ. ಅದರ ಬದಲು ಹತ್ತಿರದ್ದನ್ನು ಮೊದಲು, ದೂರದ್ದನ್ನು ಆಮೇಲೆ, ಒಂದೊಂದಾಗಿ ಕೇಳುತ್ತ ಹೋಗಿ. ಕಟ್ಟೆಯ ಮೇಲೆ ಕುಳಿತವರು ಊರಿಗೆ ಹೋಗಿ ಉತ್ತರ ಹೇಳಬೇಕಾದವರು.