ಮೂಗುಬೊಟ್ಟಿನ ಹರಳು



ಹಲವು ವರ್ಷಗಳ ಹಿಂದೆ ಹರವೆಯಲ್ಲಿ ಶಿವಾನುಭವಗೋಷ್ಠಿ ಮುಗಿಸಿ ಕುಳಿತಿದ್ದಾಗ ವೃದ್ಧ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಮೂಗುಬೊಟ್ಟೊಂದನ್ನು ನಮ್ಮ ಮುಂದಿಟ್ಟರು. "ನಮ್ಮವ್ವಂದು ಬುದ್ಧಿ, ವಜ್ರದ್ದು. ಮಾರಿ ಓದೋ ಮಕ್ಕಳ ದಾಸೋಹಕ್ಕೆ ಹಾಕ್ಕೊಳಿ" ಎಂದರು. ಒಡವೆಗಳ ವ್ಯಾಮೋಹ ತೊರೆಯಬೇಕೆಂದು ಆಗತಾನೆ ಉಪದೇಶಿಸಿದ್ದ ನಾವೇ ಆ ಹರಳನ್ನು ದೀಪಕ್ಕೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆವೆಂಬುದನ್ನು ತಮ್ಮಿಂದ ಮುಚ್ಚಿಡುವುದು ಸಲ್ಲದು.

ವಜ್ರದ ಆಕರ್ಷಣೆ ಅಂಥದು. ಮೂಲದಲ್ಲಿ ಅದು ಅಂಗಾರವೇ. ನಮ್ಮ ಒಲೆಯ ಇದ್ದಿಲಿನ ದಾಯಾದಿ. 1797ರಲ್ಲಿ ಸ್ಮಿತ್‌ಸನ್ ಟೆನಂಟ್ ಎಂಬ ವಿಜ್ಞಾನಿ ವಜ್ರವನ್ನು ಸುಟ್ಟು ಈ ನಂಟನ್ನು ಸಿದ್ಧಪಡಿಸಿದರು. ಭೂಮಿಯೊಳಗೆ ಸುಮಾರು 150 ಕಿಲೋಮೀಟರಿಗೂ ಆಳದಲ್ಲಿ ಕಾವು ಮತ್ತು ಒತ್ತಡಗಳಿಗೆ ಸಿಕ್ಕ ಅಂಗಾರದ ಪರಮಾಣುಗಳು ಒಂದನ್ನೊಂದು ಬಿಗಿದಪ್ಪುವುದರಿಂದಲೇ ಅದಕ್ಕೆ ಆ ಕಾಠಿಣ್ಯ. ಮೋಸ್ ಎಂಬ ವಿದ್ವಾಂಸರ ಮಾಪಕದಲ್ಲಿ ವಜ್ರಕ್ಕೆ 10, ಮಾಣಿಕ್ಯಕ್ಕೆ 9. ಆದರೆ ಆ ಒಂದು ಅಂಕದ ಅಂತರ ನಿಜದಲ್ಲಿ ಹಲವು ಪಟ್ಟಿನದು. ಹಾಗೆಂದು ಯಾರೂ ಸುತ್ತಿಗೆಯಿಂದ ಪರೀಕ್ಷಿಸಹೋಗಬೇಡಿರಿ! ಗೀರಿಗೆ ಬಗ್ಗದ ವಜ್ರ ಪೆಟ್ಟಿಗೆ ಸೀಳಿಹೋಗುತ್ತದೆ. ಒಳಹೊಕ್ಕ ಬೆಳಕನ್ನು ಬಾಗಿಸಿ, ಬಣ್ಣಬಣ್ಣವಾಗಿ ಬಿಡಿಸಿ ಹೊರಚೆಲ್ಲುವ ಗುಣವೂ ಸಾಣೆಯಾದ ಮೇಲೆಯೇ ಬೆಳಗುವುದು. ಅದಕ್ಕೆ ಮುನ್ನ ಅದು ಹೊಲದ ಬೆಣಚುಕಲ್ಲಿನಂತೆ ಮಂಕಾಗಿರುತ್ತದೆ.

18ನೆಯ ಶತಮಾನದಲ್ಲಿ ಬ್ರೆಜಿಲಿನಲ್ಲಿ ವಜ್ರ ದೊರೆಯುವವರೆಗೆ ಜಗತ್ತಿಗೆ ಬಹುಮಟ್ಟಿಗೆ ನಮ್ಮ ದೇಶವೇ ಆಕರವಾಗಿತ್ತು. ಗಣಿಗಳ ದೊಡ್ಡ ಹರಳುಗಳೆಲ್ಲ ವಿಜಯನಗರದ ಅರಸನಿಗೇ ಸಲ್ಲುತ್ತಿದ್ದುವೆಂದು 16ನೆಯ ಶತಮಾನದ ಪೋರ್ಚುಗೀಸ್ ಕುದುರೆ ವರ್ತಕ ನೂನಿಜ್ ಬರೆದಿದ್ದಾನೆ. ನಮ್ಮ ಬಳ್ಳಾರಿಗೆ ನೆರೆಯ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ ಇಂದಿಗೂ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನ ಸಂಸಾರಸಮೇತ ಹೊಲಗಳಿಗಿಳಿದು, ಬಗ್ಗಿದ ಬೆನ್ನೆತ್ತದೆ ಹರಳು ಹುಡುಕುತ್ತಾರೆ. ಎಲ್ಲೋ ಒಬ್ಬರಿಗೆ ಸಿಕ್ಕುತ್ತದೆ. ಆ ಒಬ್ಬರ ಸುದ್ದಿಯೇ ಮರುವರ್ಷ ಸಾವಿರ ಜನರನ್ನು ಕರೆತರುತ್ತದೆ.

ಇತ್ತ ಆ ಮೂಗುಬೊಟ್ಟನ್ನು ತೋರಿಸಲು ಪರಿಚಿತ ಅಕ್ಕಸಾಲಿಗರೊಬ್ಬರನ್ನು ಕರೆಸಿದೆವು. ಅವರು ಹರಳಿನ ಮೇಲೆ ಬಾಯುಸಿರು ಬಿಟ್ಟರು. ವಜ್ರವು ಶಾಖವನ್ನು ಬಲುಬೇಗ ಹರಿಸುವುದರಿಂದ ಅದರ ಮೇಲಿನ ಮಬ್ಬು ಕಣ್ಣೆವೆಯಿಕ್ಕುವಷ್ಟರಲ್ಲಿ ಆರಬೇಕು. ಇಲ್ಲಿ ಆರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅಂಚುಗಳೂ ಸವೆದಿದ್ದವು. "ಗಾಜು ಬುದ್ಧಿ" ಎಂದು ಮೆಲ್ಲನೆ ನುಡಿದರು.

ಆ ತಾಯಿಗೆ ತಿಳಿಸಲು ನಮಗೆ ಒಂದು ತಿಂಗಳು ಬಾಯಿ ಬರಲಿಲ್ಲ. ದಾಸೋಹದ ಪಟ್ಟಿಯಲ್ಲಿ ವಜ್ರವೆಂದೇ ಬರೆಸಿಬಿಡೋಣವೆಂಬ ಯೋಚನೆಯೂ ಸುಳಿದುಹೋಯಿತು. ಕೊನೆಗೊಮ್ಮೆ ಹರವೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಅಳಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕುವವರಂತೆ ಕುಳಿತಿದ್ದು, "ನನ್ನ ಎರಡು ಬಾಣಂತನಕ್ಕೂ ನಮ್ಮವ್ವ ಇದನ್ನ ಗಿರವಿ ಇಟ್ಟು ಬಿಡಿಸಿದ್ಲು ಬುದ್ಧಿ. ಹೋದದ್ದೇ ಗಾಜೋ, ಬಂದದ್ದು ಗಾಜೋ?" ಎಂದು ಕೇಳಿದರು.

ಶಾಸ್ತ್ರವನ್ನೂ ವಿಶ್ವವಿದ್ಯಾನಿಲಯದ ಪಾಠವನ್ನೂ ಓದಿಕೊಂಡಿದ್ದ ನಮ್ಮಲ್ಲಿ ಉತ್ತರವಿರಲಿಲ್ಲ.

"ಚಿನ್ನ ಮಕ್ಕಳಿಗೇ ಇರಲಿ. ಹರಳು ಮಾತ್ರ ಕೊಡಿ" ಎಂದರು. ಕೊಟ್ಟೆವು. ಸೆರಗಿಗೆ ಎರಡು ಗಂಟು ಹಾಕಿಕೊಂಡು ಹೊರಟರು.