ಗಣಕಯಂತ್ರದ ಕಂಠದೋಷ

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಗಾಯಕರ ದೋಷಗಳನ್ನು ಇಪ್ಪತ್ತೈದೆಂದು ಎಣಿಸಿದ್ದಾನೆ. ಹಲ್ಲು ಕಚ್ಚಿ ಹಾಡುವವನು, ಕಾಗೆಯ ಸ್ವರದವನು, ನಡುಗುವ ದನಿಯವನು, ಮೂಗಿನಿಂದ ಹಾಡುವವನು ಎಂದು ಒಬ್ಬೊಬ್ಬನಿಗೂ ಒಂದೊಂದು ಹೆಸರು. ರೋಗಕ್ಕೆ ಹೆಸರು ಸಿಕ್ಕಿದರೆ ಅರ್ಧ ಮದ್ದು ಸಿಕ್ಕಂತೆ. ಈ ಕಾಲದಲ್ಲಿ ಹಾಡುವ, ಓದುವ ಕೆಲಸಕ್ಕೆ ಗಣಕಯಂತ್ರವೂ ಇಳಿದಿರುವುದರಿಂದ, ಅದರ ಕಂಠದೋಷಗಳನ್ನೂ ಹಾಗೆಯೇ ಬೇರೆಬೇರೆಯಾಗಿ ಗುರುತಿಸಬೇಕಾಗಿದೆ.

1981ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಗಣಕಯಂತ್ರಕ್ಕೆ ‘ಬೀಪ್’ ಎನ್ನುವುದರ ಹೊರತು ಹೆಚ್ಚಿನ ಮಾತು ಬಾರದು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ‘ಸೌಂಡ್ ಬ್ಲಾಸ್ಟರ್’ ಎಂಬ ಸೌಂಡ್ ಕಾರ್ಡ್ ಬಂದಿತು. ಈಗ ಬಹುತೇಕ ಯಂತ್ರಗಳಲ್ಲಿ ಆ ಕಾರ್ಡು ಪ್ರತ್ಯೇಕವಾಗಿಲ್ಲ, ಮದರ್‌ಬೋರ್ಡಿನಲ್ಲಿಯೇ ಅಡಗಿದೆ.

ಇದರಿಂದ ನಮ್ಮ ನಾಡಿಗೆ ಒದಗಿರುವ ಒಂದು ದೊಡ್ಡ ಉಪಕಾರವೆಂದರೆ ಹಳೆಯ ಧ್ವನಿಗಳ ರಕ್ಷಣೆ. ಎಷ್ಟೋ ಶಾಲೆಗಳ, ಮನೆಗಳ ಕಪಾಟುಗಳಲ್ಲಿ ಗಮಕಿಗಳು ಓದಿದ ಕುಮಾರವ್ಯಾಸ ಭಾರತದ ಕ್ಯಾಸೆಟ್ಟುಗಳು ಇನ್ನೂ ಇವೆ. ಓದಿದವರಲ್ಲಿ ಹಲವರು ಇಂದು ಇಲ್ಲ. ಟೇಪಾದರೋ ಪ್ರತಿಸಲ ಓಡಿಸಿದಾಗಲೂ ತುಸು ಸವೆಯುತ್ತದೆ. ಕೆಲವು ಕ್ಯಾಸೆಟ್ಟುಗಳು ಇನ್ನು ಒಂದೇ ಸಲ ಓಡಿಯಾವು. ಅಂಥದನ್ನು ಗಣಕಯಂತ್ರಕ್ಕೆ ಇಳಿಸುವಾಗ, ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆಯ ನಡುವೆ ‘ಚಟ್’ ಎಂದು ಸಿಡಿತ ಕೇಳಿಸಿದರೆ ಎದೆ ಝಲ್ಲೆನ್ನದೆ ಇದ್ದೀತೆ?

ಒಡನೆಯೇ ಕಾರ್ಡನ್ನು ದೂರುವುದು ಸರಿಯಲ್ಲ. ದೋಷವು ಬರೆಹದಲ್ಲಿದೆಯೋ ಓದಿನಲ್ಲಿದೆಯೋ ಎಂಬುದೇ ಮೊದಲ ಪ್ರಶ್ನೆ. ಗಣಕಯಂತ್ರದಲ್ಲಿ ಉಳಿಸಿಕೊಂಡ ಅದೇ ಭಾಗವನ್ನು ಎರಡು ಸಲ ಕೇಳಬೇಕು. ಸಿಡಿತವು ಎರಡು ಸಲವೂ ಅದೇ ಅಕ್ಷರದ ಮೇಲೆ ಬಿದ್ದರೆ ಅದು ಮುದ್ರಣದೊಳಗೇ ಸೇರಿದೆ. ಸ್ಥಳ ಬದಲಾದರೆ ಮುದ್ರಣ ಶುದ್ಧವಾಗಿದೆ, ಕೇಳಿಸುವ ಮಾರ್ಗದಲ್ಲಿ ಮಾತ್ರ ತೊಡಕಿದೆ. ಇಷ್ಟನ್ನು ತಿಳಿಯದೆ ಶುದ್ಧ ಮುದ್ರಣವನ್ನು ಅಳಿಸಿ, ಜೀರ್ಣವಾದ ಟೇಪನ್ನು ಮತ್ತೆ ಓಡಿಸುವುದು ಅನ್ಯಾಯ.

ಸಿಡಿತ ಹುಟ್ಟುವ ಬಗೆ ಕುತೂಹಲಕರವಾಗಿದೆ. ಯಂತ್ರವು ಧ್ವನಿಯನ್ನು ಅಂಕೆಗಳಾಗಿ ಅಳೆಯುತ್ತದೆ, ಸೆಕೆಂಡಿಗೆ ಸಿ.ಡಿ.ಯಲ್ಲಿ 44,100 ಅಳತೆಗಳು, ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 48,000. ಈ ಅಂಕೆಗಳು ಬಫರ್ ಎಂಬ ಪುಟ್ಟ ತೊಟ್ಟಿಯ ಮೂಲಕ ಹಾಯುತ್ತವೆ. ತೊಟ್ಟಿಯಲ್ಲಿ 256 ಅಳತೆಗಳಿಗೆ ಮಾತ್ರ ಎಡೆಯಿದ್ದರೆ ಅದು ಸೆಕೆಂಡಿನ ಸಾವಿರದ ಐದು ಭಾಗಕ್ಕಿಂತ ತುಸು ಹೆಚ್ಚು ಕಾಲಕ್ಕಷ್ಟೇ ಸಾಕು. ಅಷ್ಟರಲ್ಲಿ ಪ್ರೊಸೆಸರು ವೈ-ಫೈ ಜಾಲದ ಕರೆಗೋ ವೈರಸ್ ಶೋಧನೆಗೋ ಓಗೊಟ್ಟು ತಡಮಾಡಿದರೆ, ಕೇಳುವಾಗ ತೊಟ್ಟಿ ಬರಿದಾಗುತ್ತದೆ, ಮುದ್ರಿಸುವಾಗ ತುಂಬಿ ಹೊರಚೆಲ್ಲುತ್ತದೆ. ಅಲೆ ತುಂಡಾದ ಜಾಗವೇ ‘ಚಟ್’. ಚೆಲ್ಲಿಹೋದ ಅಕ್ಷರದ ಚೂರು ಮರಳಿ ಬಾರದು. ತೊಟ್ಟಿಯನ್ನು 1,024ಕ್ಕೆ ಹಿಗ್ಗಿಸಿದರೆ ನಾಲ್ಕು ಪಟ್ಟು ಬಿಡುವು ದೊರೆಯುತ್ತದೆ. ಟೇಪಿನಿಂದ ಇಳಿಸುವ ಕೆಲಸಕ್ಕೆ ಆ ವಿಳಂಬದಿಂದ ಬಾಧಕವಿಲ್ಲ. ವೈ-ಫೈ ಆರಿಸಿ, ಇತರ ಕಾರ್ಯಕ್ರಮಗಳನ್ನು ಮುಚ್ಚಿ, ಕಾರ್ಡಿನ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸದಾಗಿಸಿದರೆ ಬಹುಪಾಲು ಸಿಡಿತಗಳು ಅಡಗುತ್ತವೆ.

ಎಡೆಬಿಡದ ‘ಗುಂ’ಕಾರದ ಜಾತಿಯೇ ಬೇರೆ. ಅದು ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗೊಣಗು. ಟೇಪ್ ರೆಕಾರ್ಡರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಗಣಕಯಂತ್ರ ಇನ್ನೊಂದರಲ್ಲಿ ಇದ್ದಾಗ ಎರಡು ಅರ್ಥ್‌ಗಳ ನಡುವೆ ಒಂದು ಸುತ್ತು ಏರ್ಪಡುವುದುಂಟು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಗುಂಕಾರ ನಿಂತರೆ ಇದೇ ಕಾರಣವೆಂದು ತಿಳಿಯಬಹುದು. ಎರಡನ್ನೂ ಒಂದೇ ವಿದ್ಯುತ್ ಪಟ್ಟಿಗೆ ಜೋಡಿಸಿ ನೋಡಬೇಕು. ಅರ್ಥ್ ಪಿನ್ನನ್ನೇ ಮುರಿಯುವ ಜಾಣರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಜಾಣತನ. ಉದಾರಿಗಳಾದ ದಾನಿಗಳು ಹೊಸ ಯಂತ್ರವನ್ನೇ ಕೊಡಿಸಲು ಮುಂದಾಗುವುದುಂಟು. ಅದೇ ಎರಡು ಪ್ಲಗ್ಗುಗಳಿಗೆ ಸಿಕ್ಕಿಸಿದರೆ ಹೊಸದೂ ಹಾಗೆಯೇ ಗೊಣಗೀತು.

ಮೌಸ್ ಆಡಿಸಿದಂತೆಲ್ಲ ಕಿರುಗುಟ್ಟುವ ದನಿ ಪೆಟ್ಟಿಗೆಯ ಒಳಗಿನ ವಿದ್ಯುತ್ ಕಲಕಾಟದಿಂದ ಬರುತ್ತದೆ. ಇದಕ್ಕೆ ಪೆಟ್ಟಿಗೆಯ ಹೊರಗಿರುವ ಯು.ಎಸ್.ಬಿ. ಸೌಂಡ್ ಕಾರ್ಡ್ ತಕ್ಕ ಮದ್ದು. ತಂತಿಯನ್ನು ತಿರುಚಿದಾಗ ಮಾತ್ರ ಕರಕರವೆಂದರೆ ಪ್ಲಗ್ಗಿನ ಕಿಲುಬನ್ನು ಒರೆಸಿದರೆ ಸಾಕು. ಗಮಕಿಯು ಏರುದನಿಗೆ ಹೋದಾಗಲೆಲ್ಲ ಧ್ವನಿ ಒಡೆದು ಒರಟಾದರೆ, ತಂತಿಯನ್ನು ತಿಳಿನೀಲಿ ಬಣ್ಣದ ಲೈನ್-ಇನ್ ರಂಧ್ರಕ್ಕೆ ಬದಲಾಗಿ ಗುಲಾಬಿ ಬಣ್ಣದ ಮೈಕ್ ರಂಧ್ರಕ್ಕೆ ಸಿಕ್ಕಿಸಿರಬಹುದು, ಇಲ್ಲವೆ ಮಟ್ಟ ಮಿತಿಮೀರಿರಬಹುದು. ಹೀಗೆ ತಲೆ ಮೊಟಕಾದ ಅಲೆಯನ್ನು ಆಮೇಲೆ ಮೊದಲಿನಂತೆ ಮಾಡಲಾಗದು.

ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು; ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಸದ್ದು ನಿಂತರೂ ಕಾರಣ ತಿಳಿಯದು. ಈ ಪ್ರಯೋಗಗಳೆಲ್ಲ, ಹೋದರೂ ಚಿಂತೆಯಿಲ್ಲದ ಯಾವುದಾದರೂ ಚಲನಚಿತ್ರಗೀತೆಯ ಕ್ಯಾಸೆಟ್ಟಿನ ಮೇಲೆ ನಡೆಯಲಿ. ಅದು ಅರ್ಧ ಗಂಟೆ ನಿರ್ಮಲವಾಗಿ ಇಳಿದ ಮೇಲೆ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಆಮೇಲೆ ಗಮಕಿಯ ಕ್ಯಾಸೆಟ್ಟನ್ನು ಕಪಾಟಿನಿಂದ ತೆಗೆಯಬಹುದು.